ಮೇಷ್ಟರಿಲ್ಲದ ವರ್ಷದಲ್ಲಿ ಜೊತೆಗಿದ್ದ ನೋಡುಗರಿಗೆ

ಕಳೆದ ಭಾನುವಾರ ರಾತ್ರಿ ನಮ್ಮ ಹಾಸ್ಯ ಧಾರಾವಾಹಿಯ ಈ ವರ್ಷದ ಕೊನೆಯ ಕಂತು ಕೇಬಲ್ ವಾಹಿನಿಯಲ್ಲಿ ಬಂತು. ಮೇಷ್ಟರು ಬರೆಯದ ಮೊದಲ ವರ್ಷ ಮುಗಿಯಿತು. ತೀರ್ಥಹಳ್ಳಿ, ಹೊಸನಗರ, ಸಾಗರ, ಶಿವಮೊಗ್ಗದ ಮನೆಗಳಲ್ಲಿ ಕುಳಿತು ಅದನ್ನು ಕೊನೆಯವರೆಗೂ ನೋಡಿದವರಿಗೆ, ನಡುವೆ ಸಿಟ್ಟಾಗಿ ಫೋನ್ ಮಾಡಿದವರಿಗೆ, ಕಾಗದ ಬರೆದವರಿಗೆ ಇಡೀ ತಂಡದ ಪರವಾಗಿ ಕೃತಜ್ಞತೆ ಹೇಳಬೇಕಾಗಿದೆ. ಬಸ್ ನಿಲ್ದಾಣದ ಪಕ್ಕದ ಹೋಟೆಲಿನ ಆ ಕಥೆಯಲ್ಲಿ ನಾನು ಅಂಗನವಾಡಿ ಟೀಚರ್. ಮೇಷ್ಟರು ಹೋದ ಮೇಲೆ ಬರವಣಿಗೆಯ ಹೊಣೆಯೂ ನನ್ನ ಹೆಗಲಿಗೆ ಬಂದದ್ದರಿಂದ ಈ ಮಾತುಗಳನ್ನು ನಾನೇ ಬರೆಯಬೇಕೆಂದು ಎಲ್ಲರೂ ಹೇಳಿದರು.

ಮೇಷ್ಟರು ತೀರಿಕೊಂಡದ್ದು ಹೋದ ವರ್ಷದ ಆರಿದ್ರಾ ಮಳೆಯಲ್ಲಿ. ರಸ್ತೆಗೆ ಮರ ಬಿದ್ದು ಬಸ್ ನಿಂತಿದ್ದರೂ ಜನ ಕೊಡೆ ಹಿಡಿದು ನಡೆದು ಬಂದರು. ಅಂಗಳದಲ್ಲಿ ನಿಂತವರಲ್ಲಿ ಹಲವರು ನನ್ನನ್ನು ಪಕ್ಕಕ್ಕೆ ಕರೆದು, ಕೇಳಬಾರದ್ದನ್ನು ಕೇಳುವವರಂತೆ ದನಿ ತಗ್ಗಿಸಿ, 'ಇನ್ನು ಹೋಟೆಲ್ ಭಟ್ಟರ ಗತಿ ಏನು? ನೀರುಗಂಟಿಯ ಮಗಳ ಮದುವೆ ನಿಂತುಹೋಯಿತೇ?' ಎಂದರು. ಕೇಳಿದ ಮೇಲೆ ತಪ್ಪಾಯಿತೇನೋ ಎಂದು ಮುಖ ತಿರುಗಿಸಿಕೊಂಡವರೂ ಇದ್ದರು. ಅವರಿಗೆಲ್ಲ ಇವತ್ತು ಹೇಳುತ್ತೇನೆ, ಆ ದಿನ ನನಗೆ ಸಮಾಧಾನ ಕೊಟ್ಟದ್ದು ಆ ಪ್ರಶ್ನೆಯೇ. ಮೇಷ್ಟರು ಇಪ್ಪತ್ತು ಮೂವತ್ತು ಜನರನ್ನು ಕಾಗದದ ಮೇಲೆ ಹುಟ್ಟಿಸಿ ಸಾಕಿದ್ದರು. ಸಾವಿನ ಮನೆಯಲ್ಲಿ ನಿಂತು ಅವರ ಯೋಗಕ್ಷೇಮವನ್ನೂ ವಿಚಾರಿಸಿದವರು ನೀವು.

ಅಡಿಕೆ ಸುಲಿಯುವ ಕಾಲ ಬಂದಾಗ ಹಲವು ಮನೆಗಳಲ್ಲಿ ರಾತ್ರಿ ಇದೇ ಮಾತು ನಡೆಯುತ್ತಿತ್ತಂತೆ. ಧಾರಾವಾಹಿ ಮತ್ತೆ ಬರುತ್ತದೆ ಎಂಬ ಸುದ್ದಿ ಹರಡಿದ್ದೇ ಕಾಗದಗಳು ಬರತೊಡಗಿದವು. ಅವುಗಳನ್ನು ಅಭಿಮಾನದ ಕಾಗದ ಎಂದರೆ ಪೂರ್ತಿ ಸರಿಯಾಗುವುದಿಲ್ಲ, ಹೆಚ್ಚಿನವು ಎಚ್ಚರಿಕೆಯ ಕಾಗದಗಳು. ಬೈಗುಳ ತುರುಕುತ್ತೀರಿ ನೋಡಿ ಎಂದು ಒಬ್ಬರು, ಹಿಂದಿನಿಂದ ನಗುವಿನ ಶಬ್ದ ಹಾಕಿದರೆ ಅಂದೇ ಟೀವಿ ಆರಿಸುತ್ತೇವೆ ಎಂದು ಇನ್ನೊಬ್ಬರು. ಕೋಣಂದೂರಿನ ಹಿರಿಯ ಮಹಿಳೆಯೊಬ್ಬರು ಬರೆದದ್ದು ಹೀಗಿತ್ತು: 'ಭಟ್ಟರು "ಚಿಲ್ಲರೆ ಇದೆಯೇ?" ಎಂದು ಕೇಳುವುದು ಉತ್ತರ ಕೊಡಲು ಮನಸ್ಸಿಲ್ಲದಾಗ ಮಾತ್ರ. ಜನ ನಗುತ್ತಾರೆಂದು ಕಂತಿಗೆ ನಾಲ್ಕು ಸಲ ಆ ಮಾತು ಹೇಳಿಸಬೇಡಿ.' ಎಷ್ಟೋ ವರ್ಷ ಮೇಷ್ಟರ ಜೊತೆ ಕೆಲಸ ಮಾಡಿದ ನಾವು ಯಾರೂ ಇದನ್ನು ಇಷ್ಟು ಸ್ಪಷ್ಟವಾಗಿ ಹೇಳಿಕೊಂಡಿರಲಿಲ್ಲ.

ನಗರದ ಕಡೆಯಿಂದ ಬಂದ ಒಂದು ಕಾಗದವನ್ನು ನಾವು ಬರೆಯುವ ಕೋಣೆಯ ಗೋಡೆಗೆ ಅಂಟಿಸಿದ್ದೇವೆ. ಬರೆದವರು ಸ್ವತಃ ನೀರುಗಂಟಿ. 'ಮೇಷ್ಟರ ನೀರುಗಂಟಿ ನಿಧಾನಿ, ದಡ್ಡನಲ್ಲ. ಊರಿನ ಅರ್ಧ ಮನೆಗಳ ಗುಟ್ಟು ಗೊತ್ತಿರುವವನು ಉತ್ತರ ಕೊಡುವ ಮೊದಲು ಹೊತ್ತು ತೆಗೆದುಕೊಳ್ಳುತ್ತಾನೆ. ಅವನನ್ನು ಪೆದ್ದನನ್ನಾಗಿ ಮಾಡಿದರೆ ನನ್ನನ್ನು ಮಾಡಿದ ಹಾಗೆ.' ಈ ಒಂದು ಕಾಗದಕ್ಕಾಗಿ ನಾವು ಎಷ್ಟು ಕೃತಜ್ಞರಾಗಿದ್ದೇವೆ ಎಂದು ಹೇಳಲು ನನಗೆ ಮಾತು ಸಾಲುವುದಿಲ್ಲ. ಹಾಸ್ಯವನ್ನು ಮುಂದುವರಿಸಲು ಬಂದವರಿಗೆ ಮೊದಲು ಕಾಣುವುದು ಪಾತ್ರದ ಹೊರಗಿನ ಗುರುತುಗಳು: ಒಬ್ಬನ ತೊದಲು, ಇನ್ನೊಬ್ಬನ ಜಿಪುಣತನ, ಮತ್ತೊಬ್ಬಳ ಪದೇ ಪದೇ ಬರುವ ಮಾತು. ಅವುಗಳನ್ನು ಹಿಗ್ಗಿಸುವುದು ಸುಲಭ, ನಗುವೂ ಬರುತ್ತದೆ. ಆದರೆ ಆ ನಿಧಾನದ ಹಿಂದಿದ್ದ ಕಾರಣ ಬಿದ್ದುಹೋದ ದಿನ ಅಲ್ಲಿ ಮನುಷ್ಯ ಇರುವುದಿಲ್ಲ, ಗುರುತು ಮಾತ್ರ ಉಳಿಯುತ್ತದೆ.

ನಮ್ಮ ಸಂಕಲನ ನೋಡಿಕೊಳ್ಳುವ ಸಾಗರದ ಹುಡುಗ ಆಗ ನನಗೆ ಅಮೆರಿಕದ 'ಕಮ್ಯೂನಿಟಿ' ಎಂಬ ಹಾಸ್ಯ ಧಾರಾವಾಹಿಯ ಕಥೆ ಹೇಳಿದ. ಎನ್‌ಬಿಸಿ ವಾಹಿನಿಯಲ್ಲಿ 2009ರ ಸೆಪ್ಟೆಂಬರ್‌ನಲ್ಲಿ ಶುರುವಾದದ್ದು. ಸಣ್ಣ ಕಾಲೇಜೊಂದರಲ್ಲಿ ಒಟ್ಟಿಗೆ ಓದಲು ಸೇರುವ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಏಳು ಜನರ ಕಥೆ. ಅದನ್ನು ಸೃಷ್ಟಿಸಿದ ಡ್ಯಾನ್ ಹಾರ್ಮನ್ ತಾವು ಗ್ಲೆಂಡೇಲ್ ಎಂಬ ಊರಿನ ಅಂಥದೇ ಕಾಲೇಜಿನಲ್ಲಿ ಓದಿದ ಅನುಭವದಿಂದ ಕಟ್ಟಿದ್ದರು. ಮೂರನೇ ಸರಣಿ ಮುಗಿದ ಬೆನ್ನಿಗೆ, 2012ರ ಮೇ ತಿಂಗಳಲ್ಲಿ, ಅವರನ್ನೇ ತೆಗೆದುಹಾಕಲಾಯಿತು. ಡೇವಿಡ್ ಗ್ವಾರಾಸಿಯೊ ಮತ್ತು ಮೋಸೆಸ್ ಪೋರ್ಟ್ ಎಂಬಿಬ್ಬರು ಆ ಜಾಗಕ್ಕೆ ಬಂದರು. ಅಲ್ಲಿಯ ಅಭಿಮಾನಿಗಳಿಗೂ ನಮ್ಮವರಿಗೆ ಇದ್ದ ಭಯವೇ ಇತ್ತು: ಅದೇ ಮುಖಗಳು, ಅದೇ ಗೋಡೆಗಳು, ಒಳಗೆ ಬೇರೆ ಯಾರೋ. ಅಕ್ಟೋಬರ್‌ನಲ್ಲಿ ಬರಬೇಕಿದ್ದ ನಾಲ್ಕನೇ ಸರಣಿ ಮುಂದಕ್ಕೆ ಹೋಗಿ 2013ರ ಫೆಬ್ರವರಿ 7ರಂದು ಆರಂಭವಾಗಿ 13 ಕಂತುಗಳಲ್ಲಿ ಮುಗಿಯಿತು. ಐದನೇ ಸರಣಿಗೆ ಹಾರ್ಮನ್ ಮರಳಿದರು. ಆ ಸರಣಿಯ ಪಾತ್ರಗಳು ಹಿಂದಿನ ವರ್ಷವನ್ನು ಕಾಲೇಜಿನಲ್ಲಿ ಗ್ಯಾಸ್ ಸೋರಿದ್ದ ವರ್ಷವೆಂದು ನೆನೆಯುತ್ತವೆ.

ಹುಡುಗ ನನಗೆ ನಾಲ್ಕನೇ ಸರಣಿಯನ್ನೂ ತೋರಿಸಿದ. ಅದನ್ನು ಮಾಡಿದವರ ಬಗ್ಗೆ ನನಗೆ ಮರುಕವೇ ಹೆಚ್ಚಾಯಿತು. ಅವರು ಶ್ರದ್ಧೆಯಿಂದಲೇ ಮಾಡಿದ್ದರು. ಹಿಂದಿನ ಸರಣಿಗಳಲ್ಲಿ ಜನ ಮೆಚ್ಚಿದ್ದನ್ನೆಲ್ಲ ಮತ್ತೆ ತರಲು ಹೆಣಗಿದ್ದರು. ಆದರೆ ಹಾರ್ಮನ್ ಕಾಲದಲ್ಲಿ ವಿಚಿತ್ರ ಆಟಗಳೆಲ್ಲ ಯಾರದೋ ಒಂಟಿತನದಿಂದಲೋ ಹೆದರಿಕೆಯಿಂದಲೋ ಹುಟ್ಟುತ್ತಿದ್ದವು. ಇಲ್ಲಿ ಆಟ ಮೊದಲು ಬಂದು, ಕಾರಣವನ್ನು ಆಮೇಲೆ ಹುಡುಕಿದಂತೆ ನನಗೆ ಕಂಡಿತು. ಗೋಡೆಯ ಮೇಲಿನ ನೀರುಗಂಟಿಯ ಕಾಗದ ನಮಗೆ ಹೇಳಿದ್ದೂ ಅದನ್ನೇ. ಹಾರ್ಮನ್ ಅವರಂತೆ ನಮ್ಮ ಮೇಷ್ಟರು ಒಂದು ವರ್ಷ ಬಿಟ್ಟು ಮರಳುವವರಲ್ಲ. ಆದ್ದರಿಂದ ಆ ಕಾಗದವನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆವು.

ಧೈರ್ಯ ಕೊಡುವ ಉದಾಹರಣೆಗಳೂ ಇದ್ದವು. 'ಮ್ಯಾಶ್' ಎಂಬ ಧಾರಾವಾಹಿಯನ್ನು ಟೀವಿಗೆ ರೂಪಿಸಿದ ಲ್ಯಾರಿ ಗೆಲ್ಬಾರ್ಟ್ ನಾಲ್ಕನೇ ಸರಣಿಯ ನಂತರ, 1976ರಲ್ಲಿ, ಹೊರಟುಹೋದರು. ಅದು ಮುಂದೆ ಹನ್ನೊಂದು ಸರಣಿಗಳವರೆಗೆ ನಡೆಯಿತು. 1983ರ ಫೆಬ್ರವರಿ 28ರಂದು ಬಂದ ಕೊನೆಯ ಕಂತನ್ನು ಹತ್ತು ಕೋಟಿಗಿಂತ ಹೆಚ್ಚು ಜನ ನೋಡಿದರು. ಯುದ್ಧಭೂಮಿಯ ಆಸ್ಪತ್ರೆಯ ಆ ಕಥೆಯಲ್ಲಿ ನಂತರದ ವರ್ಷಗಳಲ್ಲಿ ನಗು ಕಡಿಮೆಯಾಗಿ ದುಃಖ ಹೆಚ್ಚಿತು, ಅಂದರೆ ಅದು ಬದಲಾಗಿ ಬದುಕಿತು.

ಅಷ್ಟು ದೂರ ಏಕೆ ಹೋಗಬೇಕು? ನಮ್ಮ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ಆನಗೋಡು ಬಳಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತಾರು ತುಂಬಿರಲಿಲ್ಲ. 2006ರಲ್ಲಿ ಕವಿತಾ ಲಂಕೇಶ್ ಹೊಸ ಕಂತುಗಳನ್ನು ನಿರ್ದೇಶಿಸಿದರು. ಹಳೆಯ ಕಂತುಗಳ ರೈಲು ನಿಲ್ದಾಣವಾಗಿದ್ದ ಅರಸಾಳಿನಲ್ಲಿ ಇಂದು ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವೇ ಇದೆ. ಇನ್ನು ಹೆಗ್ಗೋಡು. ಕೆ.ವಿ. ಸುಬ್ಬಣ್ಣನವರು ಗೆಳೆಯರೊಡನೆ 1949ರಲ್ಲಿ ಕಟ್ಟಿದ ನೀನಾಸಮ್, 2005ರ ಜುಲೈನಲ್ಲಿ ಅವರು ಹೋದ ಮೇಲೂ ನಿಲ್ಲಲಿಲ್ಲ. 1985ರಲ್ಲಿ ಹೊರಟ ತಿರುಗಾಟ ಇಂದಿಗೂ ಊರೂರಿಗೆ ನಾಟಕ ಒಯ್ಯುತ್ತಿದೆ. ಮೇಷ್ಟರು ಆ ನಾಟಕಗಳನ್ನು ತಪ್ಪಿಸಿದವರಲ್ಲ. ಬಯಲಾಟದ ಮೇಳಕ್ಕೆ ಹೊಸ ಭಾಗವತರು ಬಂದಾಗ ಮುಂದೆ ಕುಳಿತ ಹಿರಿಯರು ಎದ್ದು ಹೋಗುವುದಿಲ್ಲ, ಕಿವಿಯನ್ನು ಇನ್ನಷ್ಟು ಚುರುಕು ಮಾಡಿಕೊಳ್ಳುತ್ತಾರೆ. ಈ ವರ್ಷ ನೀವು ನಮ್ಮೆದುರು ಕುಳಿತದ್ದೂ ಹಾಗೆಯೇ.

ಅತಿ ಕಷ್ಟವಾದದ್ದು ಮೇಷ್ಟರೇ ನಟಿಸುತ್ತಿದ್ದ ನಿವೃತ್ತ ಪೋಸ್ಟ್‌ಮಾಸ್ಟರ್ ಪಾತ್ರ. ಬೇರೆ ನಟರನ್ನು ತನ್ನಿ ಎಂದವರು ಕೆಲವರು, ಕಥೆಯಲ್ಲೂ ಅವರನ್ನು ಸಾಯಿಸಿ ಒಂದು ಕಂತು ಅಳಲು ಬಿಡಿ ಎಂದವರು ಹಲವರು. ಕಾರ್ಗಲ್ಲಿನ ಪಿಯುಸಿ ಓದುವ ಹುಡುಗಿಯೊಬ್ಬಳು ಎರಡೂ ಬೇಡವೆಂದು ಬರೆದಳು. 'ಪೋಸ್ಟ್‌ಮಾಸ್ಟರ್ ಮಗಳ ಮನೆಗೆ ಹೋಗಿರಲಿ. ಹೋಟೆಲಿನಲ್ಲಿ ಉಳಿದವರೆಲ್ಲ ಅವರು ಹೀಗೆ ಹೇಳುತ್ತಿದ್ದರು, ಹಾಗೆ ಹೇಳುತ್ತಿದ್ದರು ಎಂದು ಜಗಳವಾಡಲಿ. ಒಬ್ಬರು ಹೇಳಿದ್ದೂ ಇನ್ನೊಬ್ಬರು ಹೇಳಿದ್ದೂ ಹೊಂದಬಾರದು.' ಇಡೀ ವರ್ಷದ ಕಥೆ ನಿಂತದ್ದು ಈ ಮೂರು ಸಾಲುಗಳ ಮೇಲೆ. ಆ ಮಗುವಿನ ಹೆಸರನ್ನು ಇಲ್ಲಿ ಹಾಕಬೇಡಿ ಎಂದು ಮನೆಯವರು ಕೇಳಿಕೊಂಡಿದ್ದಾರೆ. ಅಮ್ಮಾ, ನಿನಗೆ ನಮ್ಮೆಲ್ಲರ ದೊಡ್ಡ ನಮಸ್ಕಾರ. ಭಟ್ಟರ ಪಾತ್ರಧಾರಿ ಆ ಕಾಗದ ಓದಿ, ಮೇಷ್ಟರು ತೀರಿಕೊಂಡ ಮೇಲೆ ಮೊದಲ ಬಾರಿಗೆ ಮನಸಾರೆ ನಕ್ಕರು.

ಚಿತ್ರೀಕರಣಕ್ಕೆ ಮುಂಚೆ ಪ್ರತಿ ಕಂತನ್ನೂ ಕೋಣಂದೂರಿನ ಒಂದು ಮನೆಯ ಜಗಲಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದೆವು. ಕಾಗದ ಬರೆದವರನ್ನೇ ಕರೆಯುತ್ತಿದ್ದೆವು. ನೀರುಗಂಟಿ ಪಂಚಾಯಿತಿ ಸದಸ್ಯೆಗೆ ಎದುರು ಮಾತಾಡುವ ದೃಶ್ಯ ಓದಿದಾಗ ಒಬ್ಬ ಅಜ್ಜಿ, 'ಅವನು ನಾಲ್ಕು ಜನರ ಮುಂದೆ ಹಾಗೆ ಹೇಳುವುದಿಲ್ಲ ಮಗಳೇ, ಬಸ್ ಹೋಗುವವರೆಗೆ ಕಾಯುತ್ತಾನೆ' ಎಂದರು. ಬಸ್ ಹೋಯಿತು, ಮಾತು ಬಂತು, ದೃಶ್ಯ ಎರಡು ಪಟ್ಟು ಚೆನ್ನಾಯಿತು. ಆ ಮನೆಯವರು ಪ್ರತಿ ಸಲವೂ ಎಲ್ಲರಿಗೂ ಕಡುಬು, ಚಟ್ನಿ ಮಾಡಿ ಬಡಿಸಿದರು. ಒಮ್ಮೆಯೂ ಬೇಸರಪಟ್ಟುಕೊಳ್ಳಲಿಲ್ಲ.

ಮೇಷ್ಟರ ಪತ್ನಿಯನ್ನು ನಾವೆಲ್ಲ ಅಕ್ಕ ಎಂದೇ ಕರೆಯುವುದು. ಅವರು ಮೇಷ್ಟರ ನೋಟ್‌ಬುಕ್ಕುಗಳನ್ನು ನನ್ನ ಕೈಗೆ ಕೊಡುವಾಗ, 'ಇದರಲ್ಲಿ ಇರುವುದನ್ನೇ ಎಳೆದು ಎಳೆದು ಹಾಕಬೇಡಿ. ಇದು ಮುಗಿದ ದಿನ ಏನು ಮಾಡುತ್ತೀರಿ? ಓದಿ, ಮುಚ್ಚಿಟ್ಟು ಬರೆಯಿರಿ' ಎಂದರು. ಅಕ್ಕಾ, ನಿಮ್ಮ ಮನೆಯ ದುಃಖ ಆರುವ ಮೊದಲೇ ನಮ್ಮ ಕೆಲಸಕ್ಕೆ ಜಾಗ ಮಾಡಿಕೊಟ್ಟಿರಿ. ಇದನ್ನು ನಾವು ಮರೆಯುವುದಿಲ್ಲ.

ಪ್ರಸಾರದ ವೇಳೆಯನ್ನು ಬೇರೆಯವರಿಗೆ ಕೊಡದೆ ತಿಂಗಳುಗಟ್ಟಲೆ ಖಾಲಿ ಕಾದಿಟ್ಟ ಕೇಬಲ್ ವಾಹಿನಿಯವರಿಗೆ, ಹಳೆಯ ದರದಲ್ಲೇ ಜಾಹೀರಾತು ಮುಂದುವರಿಸಿದ ಗಾಂಧಿ ಬಜಾರಿನ ಅಂಗಡಿಯವರಿಗೆ, ಪ್ರತಿ ವಾರ ಪೆನ್‌ಡ್ರೈವ್ ಅನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಶಿವಮೊಗ್ಗಕ್ಕೆ ತಲುಪಿಸಿದ ಬಸ್ಸಿನ ಕಂಡಕ್ಟರ್ ಅಣ್ಣನಿಗೆ, ಭಾನುವಾರ ಸಂಜೆ ಗಾಳಿಮಳೆಯಲ್ಲೂ ಕಂಬ ಹತ್ತಿ ಕರೆಂಟು ಕೊಟ್ಟ ಲೈನ್‌ಮ್ಯಾನ್‌ಗಳಿಗೆ ವಂದನೆಗಳು.

ಈ ವರ್ಷದ ಕಂತುಗಳು ಇಷ್ಟವಾಗಲಿಲ್ಲ ಎಂದವರಿಗೂ ಅಷ್ಟೇ ಪ್ರೀತಿಯ ವಂದನೆ. ಮೊದಲಿನ ಹಾಗಿಲ್ಲ ಎಂಬ ನಿಮ್ಮ ಮಾತು ನಿಜ. ಮೇಷ್ಟರ ವಾಕ್ಯದಲ್ಲಿ ಇದ್ದ ಬನಿ ನಮ್ಮ ವಾಕ್ಯದಲ್ಲಿ ಇಲ್ಲ. ನೀವು ದೂರಿದ ಕಂತುಗಳ ಪಟ್ಟಿ ಮಾಡಿಟ್ಟುಕೊಂಡಿದ್ದೇವೆ, ಮಳೆಗಾಲದಲ್ಲಿ ಬರೆಯಲು ಕೂರುವಾಗ ಅದು ಎದುರಿಗಿರುತ್ತದೆ. ಜಗಲಿಯ ಓದು ಶ್ರಾವಣದಲ್ಲಿ ಮತ್ತೆ ಕೋಣಂದೂರಿನಲ್ಲಿ ಆರಂಭವಾಗುತ್ತದೆ. ಈ ಸಲ ರಿಪ್ಪನ್‌ಪೇಟೆಯವರೂ ಕರೆದಿದ್ದಾರೆ, ಅಲ್ಲಿಗೂ ಬರುತ್ತೇವೆ. ನೀರುಗಂಟಿಯ ಮಗಳ ಮದುವೆಯ ದಿನ ಇನ್ನೂ ಗೊತ್ತಾಗಿಲ್ಲ. ಯಾವ ತಿಂಗಳಲ್ಲಿ ಇಟ್ಟುಕೊಂಡರೆ ಒಳ್ಳೆಯದು ಎಂದು ಬರೆದು ತಿಳಿಸಿ. ಕಾಗದವನ್ನು ಎಂದಿನಂತೆ ಅದೇ ಕಂಡಕ್ಟರ್ ಅಣ್ಣನ ಕೈಗೆ ಕೊಟ್ಟರೆ ಸಾಕು, ನಮಗೆ ತಲುಪುತ್ತದೆ.