ಮರೆತು ಬಂದ ಬಟ್ಟಲು: ಯುವ ಕಥೆಗಾರ್ತಿಗೊಂದು ಪತ್ರ

ಹಾಸನ

ಪ್ರಿಯ ಗೆಳತಿ,

ಕಥೆ ತಲುಪಿತು, ಎರಡು ಸಲ ಓದಿದೆ. ಹೆಂಗಸೊಬ್ಬಳ ತಲೆಗೆ ‘ಮದ್ದು ಹಾಕುವವಳು’, ಎಂದರೆ ಊಟದಲ್ಲಿ ಗುಟ್ಟಾಗಿ ವಿಷ ಬೆರೆಸುವವಳು, ಎಂದು ಕಟ್ಟಿ ಊರು ಅವಳನ್ನು ದೂರ ಇಡುವುದನ್ನು ಹಾಸನ, ಚಿಕ್ಕಮಗಳೂರು ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ‘ಆ ಮನೇಲಿ ಏನೂ ತಿನ್ನಬೇಡ’ ಎಂಬ ಮಾತು ಕಿವಿಗೆ ಬೀಳದೆ ಇಲ್ಲಿ ಬೆಳೆದವರು ಕಡಿಮೆ. ಆದರೆ ನಿಮ್ಮ ಕಥೆಯಲ್ಲಿ ಅವಳು ಮೊದಲ ಸಾಲಿನಿಂದಲೇ ದೇವತೆ, ಊರು ಮೊದಲ ಸಾಲಿನಿಂದಲೇ ರಾಕ್ಷಸ. ಇಬ್ಬರದೂ ಅಲ್ಲಿಗೇ ತೀರ್ಮಾನವಾಗಿಬಿಟ್ಟರೆ ಮುಂದಿನ ಹನ್ನೆರಡು ಪುಟಗಳಿಗೆ ಕೆಲಸವೇ ಉಳಿಯುವುದಿಲ್ಲ.

‘ಕೆರೆಗೆ ಹಾರ’ ಎಂಬ ಜನಪದ ಹಾಡನ್ನು ಮತ್ತೊಮ್ಮೆ ತೆಗೆದು ನೋಡಿ. ಈ ಸಲ ಕೆರೆಗೆ ಬಲಿಯಾದ ಕಿರಿಸೊಸೆ ಭಾಗೀರಥಿಯನ್ನು ಬಿಟ್ಟು ಅವಳ ಸುತ್ತ ಇದ್ದವರನ್ನು ನೋಡಿ. ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಹೊತ್ತಿಗೆ ತೆಗೆಸಿ ಶಾಸ್ತ್ರ ಕೇಳಿದರೆ ಹಿರಿಸೊಸೆಯ ಬಲಿ ಎಂದು ಬಂತು. ಹಿರಿಸೊಸೆ ಹೋದರೆ ಮನೆಯ ಹಿರಿತನಕ್ಕೆ ಯಾರು ಎಂಬ ಲೆಕ್ಕ ಹುಟ್ಟಿ, ಸರದಿ ಕಿರಿಯವಳ ಮೇಲೆ ಬಿತ್ತು. ಅವಳ ಗಂಡ ದಂಡಿಗೆ ಹೋಗಿದ್ದ, ಕೇಳುವವರಿರಲಿಲ್ಲ. ಗೆಳತಿಯ ಹತ್ತಿರ ನಿಜ ಹೇಳಿಕೊಂಡರೆ ಸಿಕ್ಕಿದ್ದು, ಇಟ್ಟ ಹಾಗೆ ಇರಬೇಕು ಎಂಬ ಬುದ್ಧಿಮಾತು. ಪೂಜೆ ಮುಗಿಸಿ ಬಂದವರು ಬಂಗಾರದ ಬಟ್ಟಲನ್ನು ಕೆರೆಯಲ್ಲಿ ಮರೆತುಬಂದರು. ತರಲು ಅವಳನ್ನು ಕಳಿಸಿದರು. ಒಂದೊಂದು ಮೆಟ್ಟಿಲಿಗೂ ನೀರು ಏರಿತು. ಇಡೀ ಹಾಡಿನಲ್ಲಿ ಅವಳನ್ನು ಯಾರೂ ತಳ್ಳುವುದಿಲ್ಲ. ಒಂದು ಜೀವ ಹೋಗುತ್ತದೆ, ಮುಟ್ಟಿದ ಕೈ ಒಂದೂ ಕಾಣುವುದಿಲ್ಲ. ಹಾಡಿದವರಿಗೆ ಇದು ಪೂರ್ತಿ ತಿಳಿದಿತ್ತು ಎಂದೇ ನನ್ನ ನಂಬಿಕೆ. ಆ ಬಟ್ಟಲನ್ನು ಅವರು ಸುಮ್ಮನೆ ಇಟ್ಟಿಲ್ಲ.

ನಿಮ್ಮ ಕಥೆಯಲ್ಲಿ ಆ ಬಟ್ಟಲು ಯಾವುದು? ಅದು ಸಿಗುವವರೆಗೆ ಕಲ್ಲೆಸೆತದ ದೃಶ್ಯವನ್ನು ಪಕ್ಕಕ್ಕಿಡಿ.

ಹುಡುಕಲು ಭಾಷೆಯೇ ದಾರಿ. ‘ಹಾಕಿದ್ದಾಳಂತೆ’ ಎಂಬಲ್ಲಿ ಆಪಾದನೆ ಹುಟ್ಟುತ್ತದೆ. ಆ ‘ಅಂತೆ’ಯಲ್ಲಿ ಹೇಳಿದವರಿಗೆ ಹೊಣೆಯಿಲ್ಲ, ಕೇಳಿದವರಿಗೂ ಇಲ್ಲ. ನಾಲ್ಕು ಬಾಯಿ ದಾಟುವಷ್ಟರಲ್ಲಿ ‘ಅಂತೆ’ ಸವೆದು ‘ಹಾಕಿದ್ದಾಳೆ’ ಆಗುತ್ತದೆ. ಆಮೇಲಿನ ಹೆಜ್ಜೆ ಎಲ್ಲಕ್ಕಿಂತ ಅಪಾಯದ್ದು: ‘ಹಾಕುವವಳು’. ಒಂದು ದಿನ ಮಾಡಿದಳು ಎನ್ನಲಾದ ಕೆಲಸ ಅವಳ ಹೆಸರೇ ಆಗಿಬಿಟ್ಟಿತು. ಕೊನೆಗೆ ‘ಅವರ ಮನೆತನದಲ್ಲೇ ಇದೆ’ ಎಂದು ಹುಟ್ಟದ ಮೊಮ್ಮಕ್ಕಳವರೆಗೂ ಮಾತು ಹೋಗುತ್ತದೆ. ನಿಮ್ಮ ಸಂಭಾಷಣೆಗಳಲ್ಲಿ ಈ ನಾಲ್ಕೂ ರೂಪ ಬರಲಿ, ಬೇರೆ ಬೇರೆ ಬಾಯಿಂದ, ಬೇರೆ ಬೇರೆ ದಿನ. ನೀವು ಮೊದಲ ಪುಟದಲ್ಲೇ ಮೂರನೆಯದನ್ನು ಬಳಸಿದ್ದೀರಿ. ‘ಬಲಿಪಶು’, ‘ಹರಕೆಯ ಕುರಿ’ ಎಂಬ ಮಾತುಗಳಂತೂ ಊರಿನವರ ಬಾಯಲ್ಲಿ ಬರಲೇಕೂಡದು. ಅವರ ಕಣ್ಣಿಗೆ ಅಲ್ಲಿರುವುದು ಕುರಿಯಲ್ಲ, ತೋಳ.

ಫ್ರೆಂಚ್ ಚಿಂತಕ ರೆನೆ ಜಿರಾರ್ ಹಿಡಿದು ತೋರಿಸಿದ್ದು ಇದನ್ನೇ. ಯುರೋಪಿನಲ್ಲಿ ಪ್ಲೇಗು ಹಬ್ಬಿದಾಗ ಯೆಹೂದಿಗಳು ಬಾವಿಗೆ ವಿಷ ಹಾಕಿದರು ಎಂದು ಬರೆದ 14ನೇ ಶತಮಾನದ ಕವಿ ಸುಳ್ಳು ಹೇಳುತ್ತಿರಲಿಲ್ಲ, ನಂಬಿದ್ದ. ಸ್ಟ್ರಾಸ್‌ಬರ್ಗ್ ನಗರದಲ್ಲಿ 1349ರ ಫೆಬ್ರವರಿ 14ರಂದು ಯೆಹೂದಿಗಳನ್ನು ಸುಟ್ಟಾಗ ಪ್ಲೇಗು ಆ ಊರಿಗೆ ಇನ್ನೂ ಕಾಲಿಟ್ಟೇ ಇರಲಿಲ್ಲ. ರೋಗಕ್ಕಿಂತ ಮೊದಲು ಭಯ ಬಂದಿತ್ತು. ಯೆಹೂದಿಗಳೂ ಇದೇ ರೋಗದಿಂದ ಸಾಯುತ್ತಿದ್ದಾರೆ, ಅವರಿಲ್ಲದ ಊರಿಗೂ ರೋಗ ಬಂದಿದೆ ಎಂದು ಪೋಪ್ ಆರನೆಯ ಕ್ಲೆಮೆಂಟ್ 1348ರಲ್ಲೇ ಹೇಳಿದ್ದ. ಆ ತರ್ಕ ಯಾರಿಗೂ ಬೇಕಿರಲಿಲ್ಲ. ಸುಟ್ಟ ಮೇಲೆ ಅವರಿಗೆ ಕೊಡಬೇಕಿದ್ದ ಸಾಲಗಳು ರದ್ದಾದವು, ಹಣ ಹಂಚಿಹೋಯಿತು. ಪ್ಲೇಗಿನ ಸೂಕ್ಷ್ಮಜೀವಿ ಪತ್ತೆಯಾದದ್ದು 1894ರಲ್ಲಿ. ನಿಮಗೆ ಇಲ್ಲಿಂದ ಬೇಕಾದದ್ದು ಎರಡು ಎಳೆ, ನಿಜವಾದ ಭಯ ಮತ್ತು ನಿಜವಾದ ಲಾಭ. ಲಾಭವೊಂದನ್ನೇ ಬರೆದರೆ ಪಿತೂರಿಯ ಕಥೆಯಾಗುತ್ತದೆ, ಭಯವೊಂದನ್ನೇ ಬರೆದರೆ ಎಲ್ಲರನ್ನೂ ಕ್ಷಮಿಸಿದಂತಾಗುತ್ತದೆ. ಒಬ್ಬನೇ ಮನುಷ್ಯನೊಳಗೆ ಎರಡೂ ಇರುವುದನ್ನು ಬರೆಯುವುದು ಕಷ್ಟ, ಬರೆಯಬೇಕಾದ್ದೂ ಅದನ್ನೇ. ನಿಮ್ಮ ಕಥೆಯ ಊರಲ್ಲೇ ನೋಡಿ: ಒಂದು ಮಗುವಿಗೆ ಊಟ ಸೇರುತ್ತಿಲ್ಲ, ಸೊರಗುತ್ತಿದೆ. ಮದ್ದು ಕಕ್ಕಿಸುವವರ ಹತ್ತಿರ ಹೋದರೆ ವಾಂತಿಯಾಗಿ ಏನೋ ಬಂತು, ಅದನ್ನು ತೋರಿಸಿದರು. ತಾಯಿಗೆ ಅದೇ ಸಾಕ್ಷಿ. ಅದೇ ತಾಯಿಯ ಮನೆಗೂ ಆ ಹೆಂಗಸಿನ ಜಮೀನಿಗೂ ನಡುವೆ ಬದುವಿನ ತಕರಾರು ಇರಬಹುದು.

ವಿವರ ಇದ್ದರೆ ಸತ್ಯ ಎಂದುಕೊಳ್ಳುವ ನಮ್ಮ ಕಸುಬಿನ ಚಾಳಿಗೂ ಇಲ್ಲೊಂದು ಎಚ್ಚರಿಕೆ ಬೇಕು. ಪ್ಲೇಗಿನ ಆ ಕಾಲದಲ್ಲಿ ಯೆಹೂದಿಗಳಿಗೆ ಚಿತ್ರಹಿಂಸೆ ಕೊಟ್ಟು ಪಡೆದ ತಪ್ಪೊಪ್ಪಿಗೆಗಳಲ್ಲಿ ವಿಷ ತುಂಬಿದ ಹೊಲಿದ ಚರ್ಮದ ಚೀಲವೂ ಉಂಟು, ಯಾವ ಬಾವಿ ಎಂಬುದೂ ಉಂಟು. ಇಲ್ಲದ್ದು ನಿಜ ಒಂದೇ.

ಈಗ ಬಹಿಷ್ಕಾರದ ದೃಶ್ಯ. ನೀವು ಪಂಚಾಯಿತಿ ಕಟ್ಟೆಯಲ್ಲಿ ಒಂದೇ ಸಂಜೆಗೆ ಮುಗಿಸಿದ್ದೀರಿ. ಕಟ್ಟೆಯ ತೀರ್ಮಾನ ಕೊನೆಗೆ ಬರುವಂಥದ್ದು. ಮೊದಲು ಅವಳು ಕೊಟ್ಟ ಕಾಫಿ ಲೋಟದಲ್ಲೇ ಆರುತ್ತದೆ, ‘ಈಗಷ್ಟೇ ಕುಡಿದು ಬಂದೆ’. ಆಮೇಲೆ ಸಂಘದ ಸಭೆ ಅವಳ ಜಗುಲಿಯಿಂದ ಬೇರೆ ಜಗುಲಿಗೆ ಹೋಗುತ್ತದೆ, ಕಾರಣ ಕೇಳಿದರೆ ಮಳೆ. ಆಮೇಲೆ ಮುಯ್ಯಾಳು, ಎಂದರೆ ಒಬ್ಬರ ಗದ್ದೆಗೆ ಒಬ್ಬರು ಆಳಾಗಿ ಹೋಗುವುದು, ನಿಲ್ಲುತ್ತದೆ. ಇಲ್ಲಿ ನಿಂತು ನಿಧಾನವಾಗಿ ಬರೆಯಿರಿ. ಸಸಿಮಡಿಯ ಅಗೆ, ಎಂದರೆ ಭತ್ತದ ಎಳೆ ಸಸಿ, ಸುಮಾರು 25ರಿಂದ 30 ದಿನಕ್ಕೆ ನಾಟಿಗೆ ಬರುತ್ತದೆ. ಇವಳು ನಾಲ್ಕು ಮನೆಗೆ ಆಳು ಹೋಗಿದ್ದಳು, ಇವಳ ಗದ್ದೆಗೆ ಯಾರೂ ಬರಲಿಲ್ಲ. ಒಬ್ಬರಿಗೆ ಜ್ವರ, ಒಬ್ಬರಿಗೆ ನೆಂಟರು. ಅಗೆ ಮಡಿಯಲ್ಲೇ ಬಲಿಯುತ್ತಾ ಹೋದ ಹಾಗೆ ನೆಟ್ಟ ಮೇಲೆ ಬುಡದಿಂದ ಒಡೆಯುವ ಕವಲು, ಅಂದರೆ ತೆಂಡೆ, ಕಡಿಮೆಯಾಗುತ್ತದೆ, ಕಣಕ್ಕೆ ಬರುವ ಭತ್ತ ಇಳಿಯುತ್ತದೆ. ಒಂದು ಬೈಗುಳವಿಲ್ಲದೆ ಅವಳ ವರ್ಷದ ಅನ್ನ ಕಿತ್ತುಕೊಂಡದ್ದಾಯಿತು. ಅವಳ ಜೊತೆ ಮಾತಾಡಿದವರಿಗೆ ದಂಡ ಎಂಬ ಕಟ್ಟಳೆ ಇದೆಲ್ಲ ಆದ ಮೇಲೆ ಬರುತ್ತದೆ. ಅಷ್ಟರಲ್ಲಿ ಅದನ್ನು ಒಪ್ಪಲು ಯಾರಿಗೂ ಕಷ್ಟವಾಗುವುದಿಲ್ಲ. (ಕುಟುಂಬ ದಲಿತರದಾದರೆ, 2015ರ ತಿದ್ದುಪಡಿಯ ಪ್ರಕಾರ ಸಾಮಾಜಿಕ, ಆರ್ಥಿಕ ಬಹಿಷ್ಕಾರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಪೊಲೀಸರು ಬರುವ ಪುಟದಲ್ಲಿ ಇದು ನಿಮಗೆ ಬೇಕಾಗುತ್ತದೆ.)

ಅವಳ ಬಗ್ಗೆ ಒಂದೇ ಮಾತು. ಗಂಡನಿಲ್ಲದವಳು, ಗಂಡುಮಕ್ಕಳಿಲ್ಲದವಳು, ಬೇರೆ ಊರಿಂದ ಬಂದವಳು, ಬಂದ ವರ್ಷವೇ ಸಾವಾಗಿ ‘ಕಾಲ್ಗುಣ’ ಸರಿಯಿಲ್ಲ ಎನಿಸಿಕೊಂಡವಳು: ಆರಿಸುವ ಗುರುತುಗಳನ್ನು ನೀವು ಸರಿಯಾಗಿ ಹಿಡಿದಿದ್ದೀರಿ. ಆದರೆ ಅವಳಿಗೆ ಸಿಡುಕು ಕೊಡಿ, ಕೊಟ್ಟ ಸಾಲ ಬಿಡದ ಗಟ್ಟಿತನ ಕೊಡಿ. ಒಂದು ಪುಟದಲ್ಲಾದರೂ ಓದುವವರಿಗೆ ‘ಇವಳೂ ಸ್ವಲ್ಪ ಹಾಗೇ ಇದ್ದಾಳೆ’ ಅನ್ನಿಸಲಿ. ಅನ್ನಿಸಿದ್ದಕ್ಕೆ ಮುಂದಿನ ಪುಟದಲ್ಲಿ ಅವರೇ ಬೆಚ್ಚಲಿ.

ಕೊನೆಯ ಪುಟದ ರಾಜಿ ನನಗೆ ಒಪ್ಪಿಗೆಯಾಗಲಿಲ್ಲ. ಎಲ್ಲರೂ ಕೂತು ಉಂಡರು ಎಂದು ಬರೆಯುವ ಮೊದಲು ಶ್ರವಣಬೆಳಗೊಳದ ಭಂಡಾರಿ ಬಸದಿಗೆ ಹೋಗಿ ವಿಜಯನಗರದ ಅರಸ ಬುಕ್ಕರಾಯನ 1368ರ ಶಾಸನದ ಎದುರು ನಿಲ್ಲಿ. ಭಕ್ತರಿಂದ, ಎಂದರೆ ಶ್ರೀವೈಷ್ಣವರಿಂದ, ಅನ್ಯಾಯವಾಗುತ್ತಿದೆ ಎಂದು ಜೈನರು ದೂರು ಕೊಟ್ಟಿದ್ದರು. ಅರಸ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೆ ಭೇದವಿಲ್ಲ, ಜೈನರಿಗಾದ ಹಾನಿಯನ್ನು ವೈಷ್ಣವರು ತಮ್ಮ ಹಾನಿ ಎಂದೇ ತಿಳಿಯಬೇಕು ಎಂದ. ಮಾತಿಗೇ ಬಿಡಲಿಲ್ಲ, ವ್ಯವಸ್ಥೆಯನ್ನೂ ಕಲ್ಲಿನಲ್ಲಿ ಕೊರೆಸಿದ: ಮನೆಗೆ ವರ್ಷಕ್ಕೆ ಒಂದು ಹಣ (ಆ ಕಾಲದ ನಾಣ್ಯ), ಅದರಿಂದ ಬೆಳಗೊಳದ ದೇವರಿಗೆ 20 ಕಾವಲಾಳು, ಉಳಿದದ್ದರಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ. ಇದು ದೊಡ್ಡ ಕೆಲಸ, ಅನುಮಾನವಿಲ್ಲ. ಆದರೂ ಆ ಹಣ ಕೊಡಬೇಕಾದವರು ಜೈನರೇ. ನೋವುಂಡವರೇ ತಮ್ಮ ಕಾವಲಿನ ಖರ್ಚು ಹೊರಬೇಕಾಯಿತು. ನಡೆದದ್ದೇನು ಎಂಬುದಕ್ಕೆ ಅಲ್ಲಿರುವುದು ‘ಅನ್ಯಾಯ’ ಎಂಬ ಒಂದೇ ಪದ. ಆ ಪದದ ಒಳಗಿದ್ದ ಮನೆ, ಮನುಷ್ಯರು, ಮುರಿದ ಬಾಗಿಲು ಯಾವುದೂ ಕಲ್ಲಿಗೆ ಏರಲಿಲ್ಲ. ನಿಮ್ಮ ರಾಜಿಯ ಪುಟಕ್ಕೂ ಈ ಲೆಕ್ಕ ಬರಲಿ: ಊಟದ ಖರ್ಚು ಯಾರದು, ಮೊದಲು ಎಲೆ ಹಾಕಿದ್ದು ಯಾರಿಗೆ, ಹೋದ ವರ್ಷದ ಭತ್ತವನ್ನು ತುಂಬಿಕೊಟ್ಟವರು ಯಾರು.

ಮುಂದಿನ ಕರಡಿಗೆ ಕೂರುವ ಮೊದಲು ಒಂದು ಕೆಲಸ ಮಾಡಿ. ಕಾಫಿ ಲೋಟ ಮುಟ್ಟದೆ ಮೊದಲು ಎದ್ದವಳು ಯಾರೆಂದು ಗೊತ್ತುಮಾಡಿಕೊಂಡು, ಅವಳ ಬಾಯಲ್ಲೇ ಎರಡು ಪುಟ ಬರೆಯಿರಿ: ಸೊರಗಿದ ಮಗು, ಬದುವಿನ ತಕರಾರು, ಆ ಲೋಟದ ಬಿಸಿ, ಎಲ್ಲ ಇರಲಿ. ಆ ಪುಟಗಳನ್ನು ಕಥೆಗೆ ಸೇರಿಸಬೇಡಿ, ಪಕ್ಕದಲ್ಲಿಟ್ಟುಕೊಂಡು ನಾಟಿ ದಿನದ ದೃಶ್ಯ ತಿದ್ದಿ. ಎರಡನ್ನೂ ಒಟ್ಟಿಗೆ ಕಳಿಸಿ, ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ನಿಮ್ಮ ಹಿರಿಯ ಗೆಳತಿ