ಗೆಳೆಯಾ, ನೀನು ಅಳೆದ ಆ 7.2 ಸೆಂಟಿಮೀಟರ್

ಬೆಂಗಳೂರು
ಭಾನುವಾರ, 20 ಆಗಸ್ಟ್ 2023

ಪ್ರೀತಿಯ ಗೆಳೆಯಾ,

ಶುಕ್ರವಾರ ಫೋನಿನಲ್ಲಿ ಎರಡೇ ನಿಮಿಷ ಮಾತಾಡಿದೆವು. ಕಲಬುರಗಿಯ ನಿಮ್ಮ ಶಾಲೆಯಲ್ಲಿ ನೆಟ್ಟ ಒಂದು ಮೀಟರ್ ಕೋಲಿನ ಮಧ್ಯಾಹ್ನದ ನೆರಳು ಎಷ್ಟು ಅಂದಿದ್ದಕ್ಕೆ 'ಏಳು ಪಾಯಿಂಟ್ ಎರಡು, ಉತ್ತರಕ್ಕ' ಅಂತ ನೀನು ಅಂದೆ. ನಾನು ಅದನ್ನು ಜೋರಾಗಿ ಹೇಳಿದ್ದೇ ತಡ, ಇಲ್ಲಿ ಮಕ್ಕಳು ಹಾಕಿದ ಕೂಗಿಗೆ ನಿನ್ನ ಮುಂದಿನ ಮಾತು ಕೇಳಿಸಲೇ ಇಲ್ಲ. ಆಮೇಲೆ ಬಿಸಿಯೂಟದ ಗಂಟೆ ಹೊಡೆಯಿತು. ನಿನ್ನ ಆ ಒಂದು ಅಳತೆಯಿಂದ ಇಲ್ಲಿ ಏನೇನಾಯಿತು ಅಂತ ಫೋನಿನಲ್ಲಿ ಹೇಳಿ ಮುಗಿಸೋಕಾಗಲ್ಲ. ಅದಕ್ಕೇ ಈ ಪತ್ರ.

ಇದು ಶುರುವಾಗಿದ್ದು ಸೋಮವಾರ. ಬೆಳಿಗ್ಗೆಯಿಂದ ಮೈದಾನದಲ್ಲಿ ಸ್ವಾತಂತ್ರ್ಯ ದಿನದ ತಾಲೀಮು. ಡ್ರಮ್ ಸದ್ದಿನಲ್ಲಿ ಪಾಠ ಯಾರಿಗೆ ಕೇಳಿಸಬೇಕು? ಮೂರನೇ ಪೀರಿಯಡ್‌ನಲ್ಲಿ 9ನೇ ಬಿ ವಿಭಾಗಕ್ಕೆ ಹೋದಾಗ ಉಳಿದಿದ್ದು 25 ನಿಮಿಷ. ಪುಸ್ತಕ ತೆರೆಸಲಿಲ್ಲ. 'ಈ ಶುಕ್ರವಾರ ಮಧ್ಯಾಹ್ನ ನಿಮ್ಮ ನೆರಳು ಕಾಣೆಯಾಗುತ್ತೆ' ಅಂದೆ. ಇಡೀ ತರಗತಿ ತೆಪ್ಪಗಾಯಿತು.

ನಿನಗೆ ಗೊತ್ತಿರುವುದೇ. ಪ್ರತಿ ದಿನ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ ಅಂತ ಮಕ್ಕಳೆಲ್ಲ ನಂಬಿರುತ್ತಾರೆ. ದೊಡ್ಡವರೂ ಅಷ್ಟೇ. ನಿಜವಾಗಿ ನೆತ್ತಿಗೆ ಸರಿಯಾಗಿ ಬರುವುದು ವರ್ಷಕ್ಕೆ ಎರಡೇ ದಿನ, ಅದೂ ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಿಗೆ ಮಾತ್ರ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ನಮಗೆ ಏಪ್ರಿಲ್ 24ರ ಸುಮಾರಿಗೆ ಒಂದು ಸಲ, ಆಗಸ್ಟ್ 18ರ ಸುಮಾರಿಗೆ ಇನ್ನೊಂದು ಸಲ. ಏಪ್ರಿಲ್‌ದು ಬೇಸಿಗೆ ರಜೆಯಲ್ಲಿ ಹೋಗಿಬಿಡುತ್ತೆ. ಶಾಲೆಗೆ ಸಿಗುವುದು ಆಗಸ್ಟ್‌ದು ಒಂದೇ. ಅದೂ ಮಳೆಗಾಲ, ಮೋಡ ಇರುತ್ತೆ. ಈ ಸಲ ಮಳೆ ಕೈಕೊಟ್ಟಿದೆ ಅಂತ ಎಲ್ಲರ ಹೊಟ್ಟೆಯಲ್ಲೂ ಸಂಕಟ. ಆದರೆ ಆಕಾಶ ತೆರೆದಿರುವ ಆಗಸ್ಟ್ ಇನ್ನೊಂದು ಸಲ ಯಾವಾಗ ಸಿಗುತ್ತೋ ಅಂತ ನನಗೆ ಒಳಗೊಳಗೇ ಅವಸರ.

ಜೂನ್ 21ರಂದು ಇದೇ ಮಕ್ಕಳು ಮೈದಾನದಲ್ಲಿ ಒಂದು ಮೀಟರ್ ಕೋಲು ನೆಟ್ಟು ಮಧ್ಯಾಹ್ನದ ನೆರಳು ಅಳೆದಿದ್ದರು. 18 ಸೆಂಟಿಮೀಟರ್, ದಕ್ಷಿಣದ ಕಡೆಗೆ. ಅಂದರೆ ಅವತ್ತು ಸೂರ್ಯ ನಮ್ಮ ತಲೆ ದಾಟಿ ಉತ್ತರಕ್ಕೆ ಹೋಗಿದ್ದ. ಈಗ ವಾಪಸ್ ಬರುತ್ತಿದ್ದಾನೆ, ಶುಕ್ರವಾರ ನಮ್ಮ ತಲೆ ಮೇಲೆ ಹಾದು ಹೋಗುತ್ತಾನೆ ಅಂತ ವಿವರಿಸಿದೆ. ಆಗ ಕಿಟಕಿ ಪಕ್ಕದ ಬೆಂಚಿನಿಂದ ಒಂದು ಪ್ರಶ್ನೆ ಬಂತು.

'ಸರ, ಅವತ್ತ ನಮ್ಮೂರಾಗ ನೆಳ್ಳ ಬೀಳ್ತದೇನ್ರಿ?'

ಈ ಹುಡುಗಿ ನಿಮ್ಮ ಕಡೆಯವಳು. ಆಳಂದದ ಹತ್ತಿರದ ಒಂದು ಹಳ್ಳಿ. ತಾಯಿ ಇಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ನಮ್ಮ ಶಾಲೆ ಪೀಣ್ಯದ ಹತ್ತಿರ ಇರುವುದರಿಂದ ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. ಅವಳು 'ನೆಳ್ಳ' ಅಂದಿದ್ದಕ್ಕೆ ಹಿಂದಿನ ಬೆಂಚಿನವರು ನಕ್ಕರು. ಅವಳು ತಲೆ ತಗ್ಗಿಸಿದಳು. ನನಗೆ ತುಂಬಾ ನೋವಾಯಿತು, ಕಣೋ. ಎರಡು ವರ್ಷದಿಂದ ಆ ಮಗು ಈ ನಗುವನ್ನು ಕೇಳುತ್ತಲೇ ಇದೆ.

'ಬೀಳುತ್ತೆ ಕಣಮ್ಮ' ಅಂದೆ. 'ಎಷ್ಟುದ್ದ? ಯಾವ ಕಡೆ?' ಅಂತ ತಲೆ ಎತ್ತದೇ ಕೇಳಿದಳು. ಲೆಕ್ಕ ಹಾಕಿ ಹೇಳಬಹುದಿತ್ತು. ಆದರೆ ಹೇಳಲಿಲ್ಲ. ಅವಳ ಊರಿನ ಉತ್ತರ ಅವಳ ಊರಿನಿಂದಲೇ ಬರಲಿ ಅನ್ನಿಸಿತು. ಅವತ್ತು ರಾತ್ರಿ ನಿನಗೆ ಫೋನ್ ಮಾಡಿದ್ದು ಅದಕ್ಕೆ. ನೀನು ಒಂದು ಮಾತೂ ಕೇಳದೆ 'ಆಯ್ತು, ಕೋಲು ನೆಡಸ್ತೀನಿ' ಅಂದೆಯಲ್ಲ, ಬಿ.ಎಡ್. ದಿನಗಳ ನಿನ್ನ ದನಿಯೇ ಕೇಳಿಸಿತು.

ಮಂಗಳವಾರ ಧ್ವಜಾರೋಹಣ, ಲಾಡು, ಭಾಷಣ. ಬುಧವಾರ ರೂಪಣಾತ್ಮಕ ಮೌಲ್ಯಮಾಪನದ ಅಂಕ ತುಂಬಿಸುವ ಕೆಲಸ, ಸರ್ವರ್ ನಿಧಾನ. ಅದರ ಬಗ್ಗೆ ಬರೆಯುವಂಥದ್ದೇನಿಲ್ಲ.

ಗುರುವಾರದ್ದು ಹೇಳಲೇಬೇಕು. ಸ್ಟಾಫ್ ರೂಮಿನಲ್ಲಿ ಸೋಮವಾರದ ನಗುವಿನ ವಿಷಯ ಹೇಳಿಕೊಂಡಿದ್ದೆ. ನಮ್ಮ ಕನ್ನಡ ಮೇಡಂ ಸುಮ್ನೆ ಕೇಳಿಸಿಕೊಂಡರು. ಗುರುವಾರ 9ನೇ ಬಿಗೆ ಹೋಗಿ ಬೋರ್ಡಿನ ಮೇಲೆ ಒಂದೇ ಪದ ಬರೆದರಂತೆ: ನೆೞಲ್. ಮಧ್ಯದ ಅಕ್ಷರ ಯಾರಿಗೂ ಓದೋಕೆ ಬರಲಿಲ್ಲ. ಹಳಗನ್ನಡದಲ್ಲಿದ್ದು ಈಗ ಬಿಟ್ಟುಹೋದ ಅಕ್ಷರ ಅದು ಅಂತ ಹೇಳಿ, ಈ ಪದವೇ ಮುಂದೆ ನಮ್ಮ ಬಾಯಲ್ಲಿ ನೆಳಲು, ನೆರಳು, ನೆಳ್ಳು ಆಯಿತು ಅಂತ ವಿವರಿಸಿದರಂತೆ. ಆಮೇಲೆ ಯಾರ ಮನೆಯಲ್ಲಿ ಏನಂತಾರೆ ಅಂತ ಒಬ್ಬೊಬ್ಬರನ್ನೇ ಕೇಳಿದ್ದಾರೆ. ನಗುತ್ತಿದ್ದ ಹುಡುಗರಲ್ಲಿ ಒಬ್ಬ ಎದ್ದು, 'ನಮ್ಮಜ್ಜೀನೂ ನೆಳ್ಳು ಅಂತಾರೆ ಮೇಡಂ' ಅಂದನಂತೆ. ಅವನದು ಮಾಗಡಿ ಕಡೆ. ಮೇಡಂ ಯಾರನ್ನೂ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಇಂಥವರ ಜೊತೆ ಕೆಲಸ ಮಾಡುವುದು ನನ್ನ ಪುಣ್ಯ.

ಅದೇ ದಿನ ಚಂದ್ರಯಾನದ ಲ್ಯಾಂಡರ್ ಬೇರೆಯಾಯಿತಲ್ಲ, ಶಾಲೆ ತುಂಬಾ ಅದೇ ಮಾತು. ಅದರ ಜೊತೆ ಸಂಪರ್ಕ ಇಟ್ಟುಕೊಂಡಿರುವ ಇಸ್ರೋದ ಇಸ್ಟ್ರಾಕ್ ಕೇಂದ್ರ ಇದೇ ಪೀಣ್ಯದಲ್ಲಿದೆ. ಮಕ್ಕಳು ಆ ಗೇಟಿನ ಮುಂದೆ ಬಸ್ಸಿನಲ್ಲಿ ಹೋಗುತ್ತಾರೆ, ಒಳಗೆ ಏನಿದೆ ಅಂತ ಈಗಲೇ ಅವರಿಗೆ ಗೊತ್ತಾಗಿದ್ದು.

ಈಗ ಶುಕ್ರವಾರಕ್ಕೆ ಬರುತ್ತೇನೆ.

ಕೋಲಿನ ಬದಲು ಈ ಸಲ ಒಂದು ಮೀಟರ್ ಪಿವಿಸಿ ಪೈಪ್. ಅದನ್ನು ನೆಟ್ಟಗೆ ನಿಲ್ಲಿಸುವುದೇ ದೊಡ್ಡ ಕೆಲಸ. ಸ್ವಲ್ಪ ವಾಲಿದರೂ ಎಲ್ಲ ಹಾಳು. ಒಬ್ಬ ಹುಡುಗನ ಅಪ್ಪ ಗಾರೆ ಮೇಸ್ತ್ರಿ. ಅವನು ಗೋಡೆಯ ನೇರ ನೋಡುವ ತೂಕದ ಗುಂಡು ಮತ್ತು ರಸಮಟ್ಟ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ದಾರ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ, 'ಇನ್ನೊಂದು ಚೂರು ಎಡಕ್ಕೆ ಸರ್' ಅಂತ ನನಗೇ ಹೇಳಿದ. ಲೆಕ್ಕದಲ್ಲಿ ಅವನಿಗೆ ಯಾವತ್ತೂ ಹತ್ತರ ಮೇಲೆ ಬಂದಿಲ್ಲ. ಅವತ್ತು ಪೈಪ್ ನಿಲ್ಲಿಸಿದ್ದು ಪೂರ್ತಿ ಅವನೇ.

ಹೊತ್ತು 12:24. 'ಯಾಕೆ ಸರ್, 12ಕ್ಕೆ ಸರಿಯಾಗಿ ಯಾಕಲ್ಲ?' ಅಂತ ಹಿಂದಿನ ದಿನವೇ ಕೇಳಿದ್ದರು. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು 77.5ರಲ್ಲಿ. ಒಂದು ಡಿಗ್ರಿಗೆ 4 ನಿಮಿಷ, ಹಾಗಾಗಿ ಸೂರ್ಯ ನಮ್ಮಲ್ಲಿಗೆ 20 ನಿಮಿಷ ತಡವಾಗಿ ಬರುತ್ತಾನೆ. ಮಿಕ್ಕ 4 ನಿಮಿಷ ಭೂಮಿಯ ಓರೆ ಅಕ್ಷ ಮತ್ತು ಅದರ ಮೊಟ್ಟೆಯಾಕಾರದ ದಾರಿಯಿಂದ. ಅವರೇ ಮುಂದುವರಿಸಿ ಕಲಬುರಗಿಗೆ 12:27 ಅಂತ ಲೆಕ್ಕ ಹಾಕಿದ್ದರು.

12:10ಕ್ಕೆ ಬಿಸಿಲು ಚೆನ್ನಾಗಿತ್ತು. 12:15ಕ್ಕೆ ಒಂದು ದೊಡ್ಡ ಮೋಡ ಬಂದು ಕೂತಿತು. ಐದನೇ ಪೀರಿಯಡ್ ನಮಗೆ ಬಿಟ್ಟುಕೊಟ್ಟಿದ್ದ ಗಣಿತ ಮೇಷ್ಟ್ರು, ಹೆಡ್ ಮೇಡಂ, ಅಡುಗೆ ಮನೆಯಿಂದ ಸೌಟು ಹಿಡಿದೇ ಬಂದ ಅಕ್ಕಂದಿರು, ಎಲ್ಲರೂ ಮೇಲೆ ನೋಡುತ್ತಾ ನಿಂತರು. ಬರಿಗಣ್ಣಲ್ಲಿ ಸೂರ್ಯನನ್ನು ನೋಡಬೇಡಿ ಅಂತ ನಾನು ಹೇಳಿದ್ದೇ ಹೇಳಿದ್ದು. 12:21. 12:22. ಆಗ ಮೋಡದ ಅಂಚು ಸರಿಯಿತು, ನೋಡು. ಮೈದಾನಕ್ಕೆಲ್ಲ ಒಮ್ಮೆಲೇ ಬಿಸಿಲು.

ಪೈಪಿನ ಬುಡದಲ್ಲಿ ನೆರಳಿಲ್ಲ. ಇನ್ನೊಂದು ತುಂಡು ಪೈಪನ್ನು ನೆಲದಿಂದ ಸ್ವಲ್ಪ ಮೇಲೆ ನೆಟ್ಟಗೆ ಹಿಡಿದಿದ್ದೆವು. ಅದರ ಒಳಗಿಂದ ಬೆಳಕು ಇಳಿದು ನೆಲದ ಮೇಲೆ ಪೂರ್ತಿ ದುಂಡಗೆ ಬಿದ್ದಿತ್ತು. ಅದರ ಸುತ್ತ ಪೈಪಿನ ಗೋಡೆಯಷ್ಟೇ ದಪ್ಪದ ಕಪ್ಪು ಉಂಗುರ. ಒಬ್ಬಳು ಬಳೆ ತೆಗೆದು ಅಂಗೈ ಮೇಲೆ ಹಿಡಿದಳು, ನೆರಳು ಬಳೆಯ ಕೆಳಗೇ ಅಡಗಿಕೊಂಡಿತು. ಊಟದ ಲೋಟ, ನೀರಿನ ಬಾಟಲಿ, ಕಂಪಾಸ್ ಬಾಕ್ಸ್, ಏನಿಟ್ಟರೂ ಅಷ್ಟೇ. ಮಕ್ಕಳ ನೆರಳು ಅವರವರ ಕಾಲಡಿ ಒಂದು ಸಣ್ಣ ಕಲೆಯ ಹಾಗೆ. ಅಡುಗೆಯ ಅಕ್ಕ ಸೌಟನ್ನು ನೆಟ್ಟಗೆ ಹಿಡಿದು, 'ಇದಕ್ಕೂ ಇಲ್ಲ ಕಣ್ರೀ!' ಅಂದರು.

ಆಳಂದದ ಹುಡುಗಿ ಮಾತ್ರ ನನ್ನ ಪಕ್ಕದಲ್ಲೇ ನಿಂತು ನನ್ನ ಫೋನ್ ನೋಡುತ್ತಿದ್ದಳು. 12:30ಕ್ಕೆ ನೀನು ಮಾಡಿದೆ.

ಶನಿವಾರ ಅರ್ಧ ದಿನ. ಕಾರಿಡಾರಿನ ನೆಲದ ಮೇಲೆ ಒಂದು ಮೀಟರ್ ಹಗ್ಗ ಹಿಡಿದು ಸೀಮೆಸುಣ್ಣದಲ್ಲಿ ವೃತ್ತ ಎಳೆದೆವು. ರಟ್ಟಿನಲ್ಲಿ 7.2 ಸೆಂಟಿಮೀಟರ್ ಪಟ್ಟಿ ಕತ್ತರಿಸಿ, ಅದನ್ನು ವೃತ್ತದ ಮೇಲೆ ಒಂದಾದ ಮೇಲೊಂದು ಇಡುತ್ತಾ ಹೋದರು. ಮೊದಲ ತಂಡಕ್ಕೆ 84 ಬಂತು, ಎರಡನೆಯದಕ್ಕೆ 88. ಜಗಳ. ಕೊನೆಗೆ ವೃತ್ತದ ಸುತ್ತಳತೆ 628 ಸೆಂಟಿಮೀಟರನ್ನು 7.2ರಿಂದ ಭಾಗಿಸಿ 87 ಅಂತ ಒಪ್ಪಿಕೊಂಡರು. ಅಂದರೆ ನಿನ್ನ ಕೋಲಿನ ತುದಿಯಲ್ಲಿ ಆದ ಕೋನ ಪೂರ್ತಿ ಸುತ್ತಿನ 87ರಲ್ಲಿ ಒಂದು ಭಾಗ. ಸೂರ್ಯನ ಕಿರಣಗಳು ಸಮಾಂತರ. ಹಾಗಾಗಿ ಭೂಮಿಯ ಕೇಂದ್ರದಲ್ಲಿ ನಮ್ಮ ಊರಿಗೂ ನಿಮ್ಮ ಊರಿಗೂ ಇರುವ ಕೋನವೂ ಅಷ್ಟೇ. 'ಪರ್ಯಾಯ ಕೋನ!' ಅಂತ ಕೂಗಿದ್ದು ಗಣಿತ ಮೇಷ್ಟ್ರು. ಮಕ್ಕಳಿಗಿಂತ ಜಾಸ್ತಿ ಖುಷಿ ಅವರಿಗೇ ಆಗಿತ್ತು.

ಇನ್ನು ದೂರ. ಬಸ್ಸಿನ ಕಿಲೋಮೀಟರ್ ಹಾಕೋಣ ಅಂದ ಒಬ್ಬ. 'ಬಸ್ಸು ಸೊಟ್ಟ ಸೊಟ್ಟ ಹೋಗ್ತದ, ಅದು ನಡೆಯಂಗಿಲ್ಲ' ಅಂದಳು ನಮ್ಮ ಹುಡುಗಿ. ಈ ಸಲ ಯಾರೂ ನಗಲಿಲ್ಲ. ಅಟ್ಲಾಸ್ ತೆರೆದು, ಎರಡು ಊರುಗಳ ಅಕ್ಷಾಂಶದ ನಡುವೆ ನೇರ ಉತ್ತರ-ದಕ್ಷಿಣವಾಗಿ ಸ್ಕೇಲ್ ಇಟ್ಟು ಅಳೆದರು. ಸುಮಾರು 480 ಕಿಲೋಮೀಟರ್. 87ರಿಂದ ಗುಣಿಸಿದರೆ 41,760.

ಭೂಮಿಯ ಸುತ್ತಳತೆ, ಗೆಳೆಯಾ! ಪುಸ್ತಕದಲ್ಲಿರುವುದು ಸುಮಾರು 40,000. ಒಂದು ಪಿವಿಸಿ ಪೈಪು, ಒಂದು ಕೋಲು, ರಟ್ಟಿನ ತುಂಡು, ಎರಡು ಸರ್ಕಾರಿ ಶಾಲೆ. ನೂರಕ್ಕೆ ನಾಲ್ಕೈದರಷ್ಟೇ ವ್ಯತ್ಯಾಸ. ಆ ವ್ಯತ್ಯಾಸ ಎಲ್ಲಿಂದ ಬಂತು ಅಂತ ಅರ್ಧ ಗಂಟೆ ಚರ್ಚೆ ಮಾಡಿದರು. ನೆರಳಿನ ತುದಿ ಮಸುಕಾಗಿರುತ್ತಲ್ಲ, ಅದನ್ನು ಎಲ್ಲಿಗೆ ಅಂತ ಅಳೆಯುವುದು ಅಂತ ಒಬ್ಬ ಕೇಳಿದ. ಸರಿಯಾದ ಪ್ರಶ್ನೆ. ಸೂರ್ಯ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ, ಒಂದು ಮೀಟರ್ ಕೋಲಿಗೆ ತುದಿಯಲ್ಲಿ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಮಸುಕೇ. ನಿನ್ನ ಮಕ್ಕಳು ಅದರ ನಡುವಿಗೆ ಗುರುತು ಹಾಕಿದರೋ, ಕಪ್ಪಿನ ಕೊನೆಗೋ? ಮರೆಯದೆ ಬರೆ, ಕಾಯುತ್ತಿದ್ದಾರೆ.

ಎರಟೋಸ್ತನೀಸ್ ಹೆಸರನ್ನು ಇದೆಲ್ಲ ಮುಗಿದ ಮೇಲೆ ಹೇಳಿದೆ. 2,200 ವರ್ಷದ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಒಬ್ಬರು ಇದನ್ನೇ ಮಾಡಿದ್ದರು, ಅವರಿಗೆ ಬಂದಿದ್ದು ವೃತ್ತದ 50ರಲ್ಲಿ ಒಂದು ಭಾಗ ಅಂತ. ಮೊದಲೇ ಹೇಳಿದ್ದರೆ ಮಕ್ಕಳು ಅವರ ಉತ್ತರ ಹುಡುಕುತ್ತಿದ್ದರು. ಈಗ 'ಅವರೂ ನಮ್ಮ ಹಾಗೇ ಮಾಡಿದ್ರಾ ಸರ್?' ಅಂತ ಕೇಳಿದರು.

ಪೋರ್ಷನ್ ಹಿಂದೆ ಬೀಳುತ್ತೆ ಅಂತ ಕೆಲವರು ಅಂದರು. ಬೀಳಲಿ, ಸಂಜೆ ತರಗತಿ ತೆಗೆದುಕೊಂಡು ಮುಗಿಸುತ್ತೇನೆ. 12:24 ಅನ್ನು ಸಂಜೆಗೆ ಹಾಕೋಕಾಗಲ್ಲ ಅಲ್ವಾ?

ಬುಧವಾರ ಸಂಜೆ ಮಕ್ಕಳೆಲ್ಲ ಶಾಲೆಯಲ್ಲೇ ಇರುತ್ತೇವೆ ಅಂದಿದ್ದಾರೆ, ಚಂದ್ರನ ಮೇಲೆ ಇಳಿಯುವುದನ್ನು ನೋಡೋಕೆ. ಲ್ಯಾಂಡರ್ ಇಳಿಯುವ ಹೊತ್ತಿಗೆ ಅಲ್ಲಿ ಆಗಷ್ಟೇ ಬೆಳಗಾಗಿರುತ್ತೆ, ನೆರಳು ಉದ್ದುದ್ದ ಇರುತ್ತೆ ಅಂತ ಹೇಳಿದ್ದೇನೆ. ಈಗ ಅವರಿಗೆ ನೆರಳಿನದೇ ಹುಚ್ಚು. ನಿಮ್ಮಲ್ಲೂ ತೋರಿಸು.

ಇನ್ನೊಂದು ಕೆಲಸ ಇದೆ ನಿನ್ನಿಂದ. ನಿನ್ನೆ ಗಂಟೆ ಹೊಡೆದ ಮೇಲೆ ಆ ಹುಡುಗಿ ಉಳಿದಳು. ಅವಳ ಊರಲ್ಲಿ ನೆರಳಿಲ್ಲದ ದಿನ ಯಾವಾಗ ಅಂತ ಕೇಳಿದಳು. ಈ ವರ್ಷದ್ದು ಆಗಸ್ಟ್ ಮೊದಲ ವಾರದಲ್ಲೇ ಮುಗಿದುಹೋಯಿತು, ಇನ್ನು ಮೇ 10ರ ಸುಮಾರಿಗೆ ಅಂದೆ. ಬೆರಳೆಣಿಸಿದಳು. ಮೇನಲ್ಲಿ ರಜೆ, ಅವಳು ಅಜ್ಜಿಯ ಹತ್ತಿರ ಇರುತ್ತಾಳೆ. 'ಪೈಪ್ ನನಗ ಕೊಡ್ರಿ ಸರ, ಬಸ್ಸಿನಾಗ ಒಯ್ತೀನಿ. ಅಜ್ಜಿಗಿ ತೋರಸ್ತೀನಿ' ಅಂದಳು. ಬೀರುವಿನ ಹಿಂದೆ ಪೈಪನ್ನು ಅವಳೇ ಇಟ್ಟು ಹೋಗಿದ್ದಾಳೆ, ಮೇಲೆ ಅವಳ ಹೆಸರು ಬರೆದು. ಅವಳ ಹಳ್ಳಿಗೆ ಸರಿಯಾದ ದಿನ, ನಿಮಿಷ ಎರಡನ್ನೂ ನೀನೇ ಲೆಕ್ಕ ಹಾಕಿ, ಅವಳ ಹೆಸರಿಗೇ ಒಂದು ಕಾರ್ಡ್ ಬರೆ. ಹೆಸರು, ಊರು ಫೋನಿನಲ್ಲಿ ಹೇಳುತ್ತೇನೆ. ಶಾಲೆಯ ವಿಳಾಸಕ್ಕೆ ಹಾಕು.

ನಿಮ್ಮ ಕಡೆ ತೊಗರಿ ಹೇಗಿದೆ? ಮಳೆ ಬಂತಾ? ಅವ್ವನಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ಪೀಣ್ಯದ ಗೆಳೆಯ