ದನ ತಡೆದರೆ ಸಾಲದು, ಚಕ್ರವನ್ನೂ ತೊಳೆಯಬೇಕು

ಮಾನ್ಯರೇ,

ಕಾಲುಬಾಯಿ ರೋಗ ಕಾಣಿಸಿಕೊಂಡ ಊರಿನಲ್ಲಿ ತಕ್ಷಣ ಆಗುವ ಕೆಲಸ ಎರಡು: ದನದ ಸಂತೆ ನಿಲ್ಲಿಸುವುದು, ಊರಬಾಗಿಲಲ್ಲಿ ರಸ್ತೆಗೆ ಅಡ್ಡಲಾಗಿ ಮುಳ್ಳು ಎಳೆಯುವುದು. ಸಂತೆ ನಿಲ್ಲಿಸುವುದು ಸರಿ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಬಗೆಗಿನ 2009ರ ಕೇಂದ್ರ ಕಾಯ್ದೆಯಲ್ಲೇ ಅದಕ್ಕೆ ಅವಕಾಶವಿದೆ. ಆದರೆ ಮುಳ್ಳಿನಿಂದ ನಿಲ್ಲುವುದು ಆಂಬುಲೆನ್ಸ್ ಮತ್ತು ಶಾಲೆಯ ಬಸ್ಸು. ದನ ತುಂಬಿದ ಟೆಂಪೊ ನಾಲೆ ಏರಿ ಹಿಡಿದು ಪಕ್ಕದ ಊರು ಸೇರಿಕೊಳ್ಳುತ್ತದೆ. 2013ರಲ್ಲಿ ಈ ರೋಗಕ್ಕೆ ರಾಜ್ಯದ ಸಾವಿರಾರು ದನಗಳು ಸತ್ತವು. ಅಂಥದ್ದು ಮರುಕಳಿಸಬಾರದು ಎಂಬ ಕಳಕಳಿಯಿಂದ ಇದನ್ನು ಬರೆಯುತ್ತಿದ್ದೇವೆ.

ಸೋಂಕು ತಗುಲಿದ 2ರಿಂದ 14 ದಿನಗಳಲ್ಲಿ ರೋಗ ಹೊರಬೀಳುತ್ತದೆ. ಬಾಯಲ್ಲಿ ಬೊಬ್ಬೆ ಏಳುವ ಮೊದಲೇ ಹಾಲಿನಲ್ಲಿ ವೈರಾಣು ಇರುತ್ತದೆ. ಆಮೇಲೆ ಜೊಲ್ಲು, ಸಗಣಿ, ಗಂಜಲದಲ್ಲೂ. ಹೀಗಾಗಿ ರೋಗ ಸಾಗಿಸುವುದು ದನದ ಟೆಂಪೊ ಒಂದೇ ಅಲ್ಲ. ಬೆಳಗ್ಗೆ, ಸಂಜೆ ತಪ್ಪದೆ ಊರೂರು ಸುತ್ತುವ ಹಾಲಿನ ಗಾಡಿಯ ಮೇಲೆ ಹೆಚ್ಚು ಕಣ್ಣಿಡಬೇಕು. ಅದನ್ನು ನಿಲ್ಲಿಸಿದರೆ ರೈತನ ಬಟವಾಡೆಯೇ ನಿಂತುಹೋಗುತ್ತದೆ, ಆದ್ದರಿಂದ ಸುತ್ತುವ ಕ್ರಮ ಬದಲಿಸಬೇಕು: ರೋಗವಿಲ್ಲದ ಊರುಗಳು ಮೊದಲು, ರೋಗದ ಊರು ಕೊನೆಗೆ, ಅಲ್ಲಿಂದ ನೇರ ತೊಳೆಯುವ ಜಾಗಕ್ಕೆ. ರೋಗದ ಊರಿನೊಳಕ್ಕೆ ಗಾಡಿ ಹೋಗಬಾರದು. ಕ್ಯಾನುಗಳನ್ನು ಎಲ್ಲೆಯಲ್ಲೇ ಏರಿಸಿಕೊಳ್ಳಬೇಕು. ರೋಗ ಬಿದ್ದ ಕೊಟ್ಟಿಗೆಯ ಹಾಲನ್ನು ಡೇರಿಗೆ ಹಾಕಲೇಬಾರದು.

ಕಬ್ಬಿನ ಹಂಗಾಮಾದರೆ ಎತ್ತಿನ ಗಾಡಿಗಳದ್ದು ಇನ್ನೂ ದೊಡ್ಡ ಸಮಸ್ಯೆ. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ಕಾರ್ಖಾನೆಯ ಅಂಗಳದಲ್ಲಿ ಹತ್ತಾರು ಊರಿನ ಎತ್ತುಗಳು ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಒಂದೇ ತೊಟ್ಟಿಯ ನೀರು ಕುಡಿಯುತ್ತವೆ. ಸಂತೆ ಮುಚ್ಚಿಸಿ ಈ ಸಾಲನ್ನು ಹಾಗೇ ಬಿಟ್ಟರೆ, ಮುಚ್ಚಿಸಿದ್ದರಿಂದ ಏನು ಬಂತು? ರೋಗದ ಊರಿನ ಕಬ್ಬನ್ನು ಟ್ರ್ಯಾಕ್ಟರಿನಲ್ಲಷ್ಟೇ ಸಾಗಿಸಬೇಕು. ಉಳಿದ ಊರಿನ ಗಾಡಿಯವರು ತಮ್ಮ ಬಕೆಟ್ಟಿನಲ್ಲೇ ನೀರು ಕುಡಿಸಬೇಕು. ಕಟಾವಿನ ಆದೇಶ ಕೊಡುವುದು ಕಾರ್ಖಾನೆ. ಆ ಊರಿನ ಸರದಿಯನ್ನು ಹಿಂದುಮುಂದು ಮಾಡುವುದು ಅವರಿಗೆ ಕಷ್ಟವಲ್ಲ.

ಒಕ್ಕಣೆಯ ವಿಚಾರ ಯಾರ ಗಮನಕ್ಕೂ ಬರುವುದಿಲ್ಲ. ಹುರುಳಿ, ರಾಗಿಯನ್ನು ಡಾಂಬರು ರಸ್ತೆಯ ಮೇಲೆ ಹರಡಿ ವಾಹನಗಳಿಂದ ತುಳಿಸುತ್ತೇವೆ. ಆ ಚಕ್ರಗಳಿಗೆ ಮೆತ್ತಿದ ಸಗಣಿ ಹುಲ್ಲಿಗೆ ಹತ್ತುತ್ತದೆ, ಹುಲ್ಲು ಬಣವೆಗೆ, ಅಲ್ಲಿಂದ ಗೋದಲಿಗೆ. ದಿಗ್ಬಂಧನ ಮುಗಿಯುವವರೆಗೆ ರಸ್ತೆ ಒಕ್ಕಣೆ ಪೂರ್ತಿ ನಿಲ್ಲಬೇಕು. ಪಂಚಾಯಿತಿ ಇದನ್ನೂ ಸೇರಿಸಿ ಡಂಗುರ ಹೊಡೆಸಲಿ.

ಇನ್ನು ತೊಳೆಯುವ ಕೆಲಸ. ರಸ್ತೆಗೆ ಅಡ್ಡಲಾಗಿ ಬ್ಲೀಚಿಂಗ್ ಪುಡಿ ಗೆರೆ ಎಳೆಯುವುದು ಬರೀ ಸಮಾಧಾನಕ್ಕೆ. ಒಣಪುಡಿ ಗಾಳಿಗೆ ಹಾರುತ್ತದೆ, ಸಗಣಿ ಸೋಕಿದರೆ ಕ್ಲೋರಿನ್ನಿನ ಶಕ್ತಿ ಉಡುಗುತ್ತದೆ. ಔಷಧಿಯಲ್ಲಿ ನೆನೆಸಿದ ಗೋಣಿಚೀಲವೂ ಬಿಸಿಲಿಗೆ ಬೇಗ ಒಣಗಿ ಕೆಸರಿನ ಮುದ್ದೆಯಾಗುತ್ತದೆ. ಚಕ್ರ ಮುಳುಗುವ ತೊಟ್ಟಿ ಮಾಡೋಣವೆಂದರೆ, ಲಾರಿ ಚಕ್ರ ಒಂದು ಸುತ್ತು ಉರುಳಲು 3 ಮೀಟರಿಗೂ ಹೆಚ್ಚು ಉದ್ದ ಬೇಕು. 4 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂ.ಮೀ. ಆಳದ ತೊಟ್ಟಿಗೆ 1,800 ಲೀಟರ್ ನೀರು, 72 ಕೆ.ಜಿ. ಸೋಡಾ ಆಶ್ (ವೈರಾಣು ಕೊಲ್ಲುವ ಒಗೆಯುವ ಸೋಡಾದ ಪುಡಿ) ಹಿಡಿಯುತ್ತದೆ. ಒಂದು ಜೋರು ಮಳೆ ಬಂದರೆ ಅಷ್ಟೂ ನೀರುಪಾಲು.

ಹಳ್ಳಿಗೆ ಒಗ್ಗುವುದು ತೋಟಕ್ಕೆ ಔಷಧಿ ಹೊಡೆಯುವ ಬೆನ್ನಿನ ಸ್ಪ್ರೇಯರ್. ಮೊದಲು ಬ್ರಷ್ಷು, ನೀರಿನಿಂದ ಚಕ್ರ, ಮಡ್‌ಗಾರ್ಡಿನ ಒಳಭಾಗ, ಮೆಟ್ಟಿಲುಗಳ ಸಗಣಿ ಕೆಸರನ್ನು ಉಜ್ಜಿ ತೆಗೆಯಬೇಕು. ಈ ಹೆಜ್ಜೆ ಬಿಟ್ಟರೆ ಮುಂದಿನದ್ದೆಲ್ಲ ವ್ಯರ್ಥ, ಏಕೆಂದರೆ ಔಷಧಿ ಸಗಣಿಯ ಪದರದ ಒಳಗಿಳಿಯುವುದಿಲ್ಲ. ಬಳಿಕ ಶೇ 4ರ ಸೋಡಾ ನೀರು: 16 ಲೀಟರಿನ ಸ್ಪ್ರೇಯರಿಗೆ 640 ಗ್ರಾಂ ಸೋಡಾ ಆಶ್. ಹರಳು ಸೋಡಾ ಆದರೆ ಅದರಲ್ಲಿ ನೀರಿನಂಶವೇ ಹೆಚ್ಚಿರುವುದರಿಂದ 1.6 ಕೆ.ಜಿ. ಬೇಕು. ಬಿಸಿನೀರಿನಲ್ಲಿ ಕರಗಿಸಿ ಸೋಸದಿದ್ದರೆ ನಾಜಲ್ ಕಟ್ಟಿಕೊಳ್ಳುತ್ತದೆ. ಸಿಂಪಡಿಸಿದ ಮೇಲೆ ಕನಿಷ್ಠ 10 ನಿಮಿಷ ಒದ್ದೆಯಾಗಿಯೇ ಇರಬೇಕು. ಅಡುಗೆ ಸೋಡಾಕ್ಕೆ ಅಷ್ಟು ಕ್ಷಾರವಿಲ್ಲ, ಅದು ನಡೆಯದು. ಸೋಡಾ ನೀರು ಅಲ್ಯೂಮಿನಿಯಂ ತಿನ್ನುತ್ತದೆ. ಹಾಲಿನ ಕ್ಯಾನಿನ ಹೊರಮೈಗೆ ಲೀಟರಿಗೆ 2 ಗ್ರಾಂ ಸಿಟ್ರಿಕ್ ಆಮ್ಲ ಸಾಕು. ಇವೆರಡನ್ನೂ ಬೆರೆಸಿದರೆ ಒಂದು ಇನ್ನೊಂದನ್ನು ಕೊಲ್ಲುತ್ತದೆ. ಆಮ್ಲಕ್ಕೆ ಬ್ಲೀಚಿಂಗ್ ಪುಡಿ ಸೇರಿದರಂತೂ ವಿಷಾನಿಲ ಏಳುತ್ತದೆ, ದಯವಿಟ್ಟು ಬೆರೆಸಬೇಡಿ. ತೊಳೆದ ನೀರು ಕೆರೆ, ನಾಲೆಗೆ ಹರಿಯದಂತೆ ಇಂಗುಗುಂಡಿ ತೆಗೆಯಬೇಕು. ಸಿಂಪಡಿಸುವವರಿಗೆ ಕೈಗವಸು, ಕನ್ನಡಕ ಕೊಡಬೇಕು.

ತಪಾಸಣೆಯ ಜಾಗ ಹುಡುಕುವಾಗ ರಸ್ತೆಯ ಅಗಲ ನೋಡಿ. ಒಂಟಿ ಪಥದ ಹಳ್ಳಿ ರಸ್ತೆ 3.75 ಮೀಟರ್, ಅದರಲ್ಲಿ ಒಂದು ಲಾರಿ ನಿಂತರೆ ಆಂಬುಲೆನ್ಸಿಗೆ ದಾರಿಯಿಲ್ಲ. ರಸ್ತೆಯಿಂದಾಚೆಗೆ ಗಾಡಿ ಎಳೆದು ನಿಲ್ಲಿಸುವಷ್ಟು ಬಯಲಿರುವ ಕಡೆ, ತಿರುವು ಇಳಿಜಾರು ಇಲ್ಲದೆಡೆ ಗೇಟ್ ಹಾಕಿ. ರಾತ್ರಿಗೆ ಪ್ರತಿಫಲಕ ಪಟ್ಟಿ, ದೀಪ ಬೇಕೇಬೇಕು. ದನ ತುಂಬಿದ ವಾಹನ ಸಿಕ್ಕಿದರೆ ಸುಮ್ಮನೆ ಹಿಂದಕ್ಕೆ ಅಟ್ಟಬೇಡಿ, ಅದು ಅಡ್ಡದಾರಿ ಹಿಡಿಯುತ್ತದೆ. ಪಕ್ಕದಲ್ಲೇ ಬೇಲಿ, ನೆರಳು, ಮೇವು, ನೀರಿರುವ ದೊಡ್ಡಿಯಲ್ಲಿ ಇಳಿಸಿಕೊಂಡು ಪಶುವೈದ್ಯರಿಗೆ ಕರೆ ಮಾಡಿ. ಕಿವಿಯೋಲೆ (ದನದ ಕಿವಿಗೆ ಹಾಕುವ ಗುರುತಿನ ಬಿಲ್ಲೆ) ಇದೆಯೆಂದು ಬಿಟ್ಟುಬಿಡುವಂತಿಲ್ಲ. ಓಲೆಯ 12 ಅಂಕಿಗಳು ಲಸಿಕೆ ಹಾಕಿದ ದಿನವನ್ನು ತಾವಾಗಿ ಹೇಳುವುದಿಲ್ಲ, ದಾಖಲೆ ತೆಗೆದು ನೋಡಬೇಕು.

ಗೇಟಿನಲ್ಲಿ ಒಂದು ನೋಟ್ ಪುಸ್ತಕ ಇರಲಿ: ವಾಹನದ ಸಂಖ್ಯೆ, ವೇಳೆ, ಎಲ್ಲಿಂದ ಎಲ್ಲಿಗೆ, ಏನು ಸರಕು. ಹೊಸ ಊರಿನಲ್ಲಿ ರೋಗ ಕಂಡರೆ ಹಿಂದಿನ 14 ದಿನಗಳ ಪುಟ ತಿರುವಿ ಜಾಡು ಹಿಡಿಯಬಹುದು. ಬ್ರಿಟನ್ನಿನಲ್ಲಿ 2001ರ ಫೆಬ್ರುವರಿ 20ರಂದು ರೋಗ ದೃಢಪಟ್ಟರೂ ದೇಶದಾದ್ಯಂತ ಸಾಗಾಟ ನಿಂತದ್ದು 23ರಂದು. ಅಷ್ಟರೊಳಗೆ ಸಂತೆಗಳಿಂದ ಹೊರಟ ಕುರಿಗಳು ದೂರದ ಜಿಲ್ಲೆಗಳಿಗೂ ರೋಗ ಮುಟ್ಟಿಸಿದ್ದವು.

ಪೊಲೀಸ್, ಪಶುಪಾಲನಾ ಇಲಾಖೆ, ಪಿಡಿಒ, ಹಾಲು ಒಕ್ಕೂಟ ಮತ್ತು ಸಕ್ಕರೆ ಕಾರ್ಖಾನೆಯವರನ್ನು ಜಿಲ್ಲಾಡಳಿತ ಹಂಗಾಮಿಗೆ ಮೊದಲೇ ಒಂದು ಕಡೆ ಕೂರಿಸಿ, ಯಾವ ರಸ್ತೆಯಲ್ಲಿ ಗೇಟ್, ಎಲ್ಲಿ ದೊಡ್ಡಿ, ಸೋಡಾ ಯಾರ ಗೋದಾಮಿನಲ್ಲಿ ಎಂಬುದನ್ನು ನಕ್ಷೆಯ ಮೇಲೆ ಗುರುತು ಮಾಡಿಡಬೇಕೆಂದು ಕೋರುತ್ತೇವೆ.

– ನಿವೃತ್ತ ಪಶುವೈದ್ಯ ಸಿಬ್ಬಂದಿ, ಮಂಡ್ಯ ಜಿಲ್ಲೆ